ಚಾಚಿ ಹೊರಗಿನಾಕಿ ಆದ ಸುಗ್ಗಿ

ಹೋದ ವಾರ ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ಚಿಕ್ಕೋಡಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಿಂದಿನ ಬೇಕರಿಯವನು ಭಟ್ಟಿಯ ಬಾಗಿಲು ತೆಗೆದನೋ ಏನೋ, ಬನ್ನಿನ ಮೇಲಿನ ಸಕ್ಕರೆ ಕರಗಿ ಅಂಚಿನಲ್ಲಿ ಒಂದಿಷ್ಟು ಸೀದ ವಾಸನೆ ಬಂತು. ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವ ಮೊದಲೇ ಗಂಟಲು ಕೆರೆದು "ಖಂಕ್... ಅಂದ್ರ" ಎಂದುಬಿಟ್ಟೆ. ಪಕ್ಕದಲ್ಲಿ ಗಂಟಿನ ಮೇಲೆ ಕೂತಿದ್ದ ಹಿರಿಯರೊಬ್ಬರು ತಲೆ ಎತ್ತಿ, "ಅಂದ್ರ ಏನೋ ತಮ್ಮಾ?" ಎಂದರು. ಏನು ಹೇಳಲಿ? ಆ ಕೆಮ್ಮು ನನ್ನದಲ್ಲ ಯಜಮಾನ್ರೇ, ಅದು ಅಥಣಿಯ ಒಬ್ಬ ವಕೀಲರದು, ಅವರಿಂದ ನಾನು ಎತ್ತಿದೆ, ನನ್ನಿಂದ ನಮ್ಮ ಚಾಚಿ ಕಲಿತಳು, ಅದು ಸಮುದ್ರವನ್ನೂ ದಾಟಿ ಬಂದಿದೆ ಎಂದು ಶುರು ಮಾಡಿದರೆ ಬಸ್ ಹೋಗುತ್ತಿತ್ತು. ಅವತ್ತು ಬಸ್ ಹಿಡಿದೆ. ಆದರೆ ಹಿರಿಯರ ಪ್ರಶ್ನೆ ಹಾಗೇ ಉಳಿಯಿತು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಮೆಹಬೂಬ. ಊರಿನವರ ಬಾಯಲ್ಲಿ ಮೈಬ್ಯಾ. ಓದಿದ್ದು ಬಿಕಾಂ. ಆಗ ಮಾಡುತ್ತಿದ್ದುದು ಅಥಣಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಜನರ ಅರ್ಜಿ ತುಂಬುವ ಕೆಲಸ. ನಿಜವಾದ ವಿದ್ಯೆ ಮಾತ್ರ ಬೇರೆ: ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಮೌಲ್ವಿಯವರ ದನಿಯಲ್ಲಿ ಬಾಡಿಗೆ ಕೇಳಿದ್ದೇನೆ, ಹೆಡ್‌ಮಾಸ್ತರರ ದನಿಯಲ್ಲಿ ಶಾಲೆಗೆ ರಜೆ ಕೊಟ್ಟಿದ್ದೇನೆ, ಅದಕ್ಕೆ ಹೊಡೆತ ಮಾತ್ರ ನನ್ನದೇ ದನಿಯಲ್ಲಿ ತಿಂದಿದ್ದೇನೆ. ನನ್ನ ಸ್ವಂತ ದನಿ ಯಾವುದೆಂದು ನಮ್ಮ ಅಮ್ಮನಿಗೂ ಖಾತ್ರಿ ಇಲ್ಲ. ಫೋನ್ ಮಾಡಿದರೆ ಮೊದಲು "ಖರೇನ ನೀನ ಏನೋ?" ಅಂತಾಳೆ.

ನಮ್ಮಪ್ಪನ ತಮ್ಮ ದಸ್ತಗೀರ ಚಾಚಾ ಹರೆಯದಲ್ಲಿ ಗಲ್ಫಿಗೆ ಹೋಗಿ ಅಲ್ಲೊಂದು ದೊಡ್ಡ ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಂತವನು. ವಾಪಸು ಬರುವಾಗ ಎಲ್ಲರೂ ಕಂಬಳಿ, ಅತ್ತರು, ಟೇಪ್‌ರೆಕಾರ್ಡರ್ ತಂದರೆ ಇವನು ನಸ್ರೀನ್ ಚಾಚಿಯನ್ನು ತಂದ. ಅದೇ ಬೇಕರಿಯಲ್ಲಿ ಬನ್ನಿಗೆ ಆಕಾರ ಕೊಡುವ ಕೆಲಸ ಅವಳದು. ಊರು ಶ್ರೀಲಂಕೆ. ನಮ್ಮ ಓಣಿಯ ಹಿರಿಯರಿಗೆ ಇನ್ನೂ ಸಿಲೋನ್. ಅಲ್ಲಿ ಅವಳು ಮನೆಯಲ್ಲಿ ಒಂದು ಭಾಷೆ, ಬಜಾರದಲ್ಲಿ ಒಂದು ಭಾಷೆ ಆಡಿ ಬೆಳೆದವಳು. "ಹಂಗಾದ್ರ ನಮ್ಮಾಕಿನ" ಎಂದು ನಮ್ಮಜ್ಜಿ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು. ಉರ್ದುವಿನಲ್ಲಿ ಬೈದು, ಕನ್ನಡದಲ್ಲಿ ಉಂಡು, ಮರಾಠಿಯಲ್ಲಿ ಚೌಕಾಸಿ ಮಾಡುವ ಮನೆ ನಮ್ಮದು.

ಚಾಚಿಗೆ ಕನ್ನಡ ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಮೇಷ್ಟ್ರು ಸರಿ ಇಲ್ಲದಿದ್ದರೆ ವಿದ್ಯೆ ಹೇಗೆ ಬರುತ್ತದೆ ಎಂಬುದಕ್ಕೆ ಅವಳೇ ಸಾಕ್ಷಿ. ನಾನು ಪ್ರತಿ ಮಾತನ್ನೂ ಯಾರದಾದರೂ ದನಿಯಲ್ಲಿ ಹೇಳಿಕೊಟ್ಟೆ, ಅವಳು ದನಿ ಸಮೇತ ಕಲಿತಳು. ಹಾಗಾಗಿ ಚಾಚಿ ಬೈದರೆ ಎದುರು ಮನೆಯ ಗುರವ್ವ ಆಯಿಯ ಹಾಗೆ ಬೈಯುತ್ತಿದ್ದಳು, ಚೌಕಾಸಿ ಮಾಡಿದರೆ ಕಟಿಂಗ್ ಅಂಗಡಿ ತುಕಾರಾಮನ ಹಾಗೆ. ಏನಾದರೂ ತಿಳಿಸಿ ಹೇಳಬೇಕಾದರೆ ವಕೀಲ ಸಾಹೇಬರ ಹಾಗೆ ಗಂಟಲು ಕೆರೆದು "ಖಂಕ್... ಅಂದ್ರ" ಎಂದು ಶುರು ಮಾಡುತ್ತಿದ್ದಳು. ಆ ಕೆಮ್ಮು 'ಅಂದ್ರ' ಎಂಬ ಪದದ ಭಾಗವಲ್ಲ ಎಂದು ಅವಳಿಗೆ ತಿಳಿಯಲು ಎರಡು ವರ್ಷ ಬೇಕಾಯಿತು. ತಿಳಿದ ಮೇಲೂ ಬಿಡಲಿಲ್ಲ. "ಕೆಮ್ಮಿಲ್ಲದ ಹೇಳಿದ್ರ ಮಾತಿಗೆ ತೂಕ ಬರಂಗಿಲ್ಲೋ ಮೈಬ್ಯಾ" ಅಂದಳು.

ಆ ವಕೀಲರು ಬಂದದ್ದು ಕಾನೂನಿನ ಕಾರಣಕ್ಕೆ. ಮದುವೆಯಾದ ಕೂಡಲೇ ಹುಡುಗಿಗೆ ಗಂಡನ ಮನೆ ಸಿಗುತ್ತದೆ, ಅಡ್ಡಹೆಸರು ಸಿಗುತ್ತದೆ, ಅತ್ತೆ ಧಾರಾಳವಾಗಿ ಸಿಗುತ್ತಾಳೆ. ದೇಶ ಸಿಗುವುದಿಲ್ಲ. ಊರಿಗೆ ಬಂದು ಮನೆಗೆ ಅಂಟಿಕೊಂಡೇ ತನ್ನದೊಂದು ಬೇಕರಿ ಹಾಕಿದ್ದ ಚಾಚಾನಿಗೆ ಇದು ಗೊತ್ತಿರಲಿಲ್ಲ. ವಕೀಲರು ಕನ್ನಡಕ ಹಣೆಗೇರಿಸಿ ಹೇಳಿದ್ದನ್ನು ನಾನು ಈಗಲೂ ಹಾಗೇ ಮಾಡಿ ತೋರಿಸಬಲ್ಲೆ:

"ಖಂಕ್... ಅಂದ್ರ ದಸ್ತಗೀರ, ನಿನ್ನ ಹೇಣ್ತಿ ವೀಸಾದ ಮ್ಯಾಲ ಇರಬೇಕು. ಬಂದಕೂಡ್ಲೆ ಹೆಸರು ನೋಂದಾಯಿಸಬೇಕು, ಮುಗಿಯೂದರಾಗ ಮತ್ತ ಮುಂದಕ್ಕ ಹಾಕಿಸ್ಬೇಕು. ಹಿಂಗ ಏಳು ವರ್ಷ ಈ ನೆಲದ ಮ್ಯಾಲ ಕಳೀಬೇಕು. ಕಡೀ ಹನ್ನೆರಡು ತಿಂಗಳಂತೂ ದೇಶಾ ಬಿಟ್ಟು ಹೊರಗ ಕಾಲಿಡಬಾರದು. ಆಮ್ಯಾಲ ಪೌರತ್ವಕ್ಕ ಅರ್ಜಿ. ಇನ್ನೊಂದ ಮಾತ. ಈ ವೀಸಾದ ಮ್ಯಾಲ ಪರವಾನಗಿ ಇಲ್ಲದ ನೌಕರಿ ಮಾಡೂ ಹಂಗಿಲ್ಲ, ವ್ಯಾಪಾರಾ ಮಾಡೂ ಹಂಗಿಲ್ಲ."

"ಅಲ್ರಿ ಸಾಹೇಬ್ರ, ಮನಿ ಸೊಸಿ ಮನಿ ಬೇಕರ್‍ಯಾಗ ಹಿಟ್ಟ ನಾದಿದ್ರ ಅದೂ ನೌಕರಿ ಆಗತೈತೇನ್ರಿ?" ಎಂದ ಚಾಚಾ.

"ಮನ್ಯಾಗ ನಾದಿದ್ರ ಸೊಸಿ. ಅಂಗಡ್ಯಾಗ ನಾದಿದ್ರ ನೌಕರಿ. ಆಗ ನೀನು ಗಂಡ ಅಲ್ಲ, ಮಾಲಕ. ಮಾಲಕಗೂ ಕಾನೂನು ಕೇಳತೈತಿ."

ಆ ದಿನದಿಂದ ಚಾಚಾ ಕಾನೂನಿಗೆ ಹೆದರಿದಷ್ಟು ಹೆಂಡತಿಗೂ ಹೆದರಲಿಲ್ಲ. ಮನೆಗೂ ಬೇಕರಿಗೂ ನಡುವೆ ಒಂದು ಹೊಸ್ತಿಲು ಮಾತ್ರ. ಅದನ್ನು ಚಾಚಿ ದಾಟಬಾರದು. ಅದೊಂದು ಗಡಿಯಾಯಿತು. ನಾವು ಕಾಗವಾಡದಲ್ಲಿ ಚಹಾ ಕುಡಿದು, ಗಡಿಯಾಚೆ ಮೀರಜದಲ್ಲಿ ಹಲ್ಲು ಕೀಳಿಸಿಕೊಂಡು, ಸಂಜೆ ಮನೆಗೆ ಬಂದು ಉಣ್ಣುವ ಮಂದಿ. ರಾಜ್ಯದ ಗಡಿ ಎಂದರೆ ನಮಗೆ ಬಸ್ಸಿನ ಟಿಕೆಟಿನ ಬಣ್ಣ. ಅಂಥವರ ಮನೆಯೊಳಗೇ, ಚಪ್ಪಲಿ ಬಿಡುವ ಜಾಗದಲ್ಲಿ, ದೇಶದ ಗಡಿ ಬಂದು ಕೂತಿತು. ಚಾಚಿ ಆ ಹೊಸ್ತಿಲಿನ ಈಚೆ ನಿಂತು, ಆಚೆ ಭಟ್ಟಿಯ ಮುಂದೆ ಬೆವರುವ ಗಂಡನಿಗೆ, "ಎಡಗಡೆ ಟ್ರೇ ಸೀಯಾಕತ್ತೇತಿ" ಎಂದು ಕೂಗುತ್ತಿದ್ದಳು. ಕೂಗುವುದು ನೌಕರಿಯೋ ಅಲ್ಲವೋ ಎಂದು ವಕೀಲರನ್ನು ಕೇಳುವ ಧೈರ್ಯ ಚಾಚಾನಿಗೆ ಇರಲಿಲ್ಲ.

ಆದರೆ ಕೈ ಸುಮ್ಮನಿರಬೇಕಲ್ಲ. ಅವಳ ಊರಿನಲ್ಲಿ ಮೊಸಳೆಯ ಆಕಾರದ ಒಂದು ಬನ್ನಿದೆಯಂತೆ. ಉದ್ದ ಬಾಲ, ಸುರುಳಿ ಬೆನ್ನು, ಮೇಲೆ ಸಕ್ಕರೆ ಹರಳು. ಪ್ರತಿ ಶುಕ್ರವಾರ ಅಡುಗೆಮನೆಯ ಸಣ್ಣ ಓವನ್ನಿನಲ್ಲಿ ಅದನ್ನು ಸುಡುತ್ತಿದ್ದಳು. ಮಾರುವಂತಿಲ್ಲ, ಅದಕ್ಕೆ ಹಂಚುತ್ತಿದ್ದಳು. ಸತ್ತಿಯ ಕಡೆ ಕೃಷ್ಣೆಯ ದಂಡೆಯಲ್ಲಿ ಮೊಸಳೆ ಕಂಡಿತೆಂದು ಪ್ರತಿ ಮಳೆಗಾಲ ಕೇಳಿ ಬೆಳೆದ ನಮ್ಮ ಓಣಿಯ ಮಕ್ಕಳಿಗೆ ಮೊಸಳೆಯನ್ನು ತಾವೇ ತಿನ್ನುವ ಅವಕಾಶ ಮೊದಲ ಸಲ ಸಿಕ್ಕಿತು. ಶುಕ್ರವಾರ ಸಂಜೆ ಓಣಿಯೆಲ್ಲ ಸೀದ ಸಕ್ಕರೆಯ ವಾಸನೆ. ಕಾನೂನು ಮಾರಲು ಬಿಟ್ಟಿದ್ದರೆ ಚಾಚಿಗೆ ಗಿರಾಕಿಗಳು ಸಿಗುತ್ತಿದ್ದರು. ಬಿಡದ ಕಾರಣ ನೆಂಟರು ಸಿಕ್ಕರು.

ಏಳು ವರ್ಷ ಹೀಗೆ ಕಳೆದವು, ಅದರಲ್ಲಿ ಕೊನೆಯ ಹನ್ನೆರಡು ತಿಂಗಳು ಎಲ್ಲಕ್ಕಿಂತ ನಿಧಾನವಾಗಿ ಸರಿದವು. ಆ ವರ್ಷವೇ ಅಲ್ಲಿ ಚಾಚಿಯ ತಾಯಿಯ ಕಣ್ಣು ಮಬ್ಬಾಗತೊಡಗಿತ್ತು. ಚಾಚಿ 'ಉಮ್ಮಾ' ಎಂದು ಕರೆಯುತ್ತಿದ್ದ ಆ ಮುದುಕಿ ದಿನಾ ಮಧ್ಯಾಹ್ನ ವಿಡಿಯೋ ಕಾಲಿನಲ್ಲಿ ಬರುತ್ತಿದ್ದಳು. ಫೋನನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದುದರಿಂದ ನಮಗೆ ಕಾಣುತ್ತಿದ್ದುದು ಒಂದು ಕಣ್ಣು ಮಾತ್ರ. ಅವಳು ಕೇಳುತ್ತಿದ್ದುದು ಒಂದೇ ಮಾತು, ಅರ್ಥ ನನಗೂ ತಿಳಿಯುವಷ್ಟು ಸಲ: ಯಾವಾಗ ಬರ್ತಿ? ಚಾಚಿ ನಗುತ್ತ ಏನೋ ಹೇಳಿ, ಫೋನ್ ಇಟ್ಟ ಮೇಲೆ ಹಿಟ್ಟನ್ನು ಬೇಕಾದ್ದಕ್ಕಿಂತ ಜೋರಾಗಿ ನಾದುತ್ತಿದ್ದಳು. ಅರ್ಜಿ ಹಾಕಿದ ಮೇಲಾದರೂ ಹೋಗಿ ಬಾ ಎಂದು ನಾವು ಅವಳಿಗೆ ಹೇಳಿದರೆ ಚಾಚಾ, "ಪೌರತ್ವ ಕೈಯಾಗ ಬರಲಿ, ಆಮ್ಯಾಲ ನಮ್ಮ ಪಾಸ್‌ಪೋರ್ಟಿನ ಮ್ಯಾಲ ರಾಣಿಯಂಗ ಹೋಗೀಯಂತ" ಎನ್ನುತ್ತಿದ್ದ. ಅರ್ಜಿ ತುಂಬಿದವನು ನಾನೇ. ಅದು ಜಿಲ್ಲಾಧಿಕಾರಿ ಕಚೇರಿ ಸೇರಿ, ಅಲ್ಲಿಂದ ಪೊಲೀಸ್ ವಿಚಾರಣೆಗೆ ಬರುವ ಹೊತ್ತಿಗೆ ಸಂಕ್ರಾಂತಿ ಬಂದಿತ್ತು.

ಆ ವರ್ಷ ಚಳಿ ಬಿಡಲೊಲ್ಲೆ ಎಂದು ಕೂತಿತ್ತು. ಬೆಳಗ್ಗೆ ಕಬ್ಬಿನ ಗದ್ದೆಗಳ ಮೇಲೆ ಮಂಜು, ಹತ್ತು ಗಂಟೆಗೆ ಚುರುಕು ಬಿಸಿಲು. ದ್ರಾಕ್ಷಿಗೆ ಸಕ್ಕರೆ ಏರುವ ಹವೆ. ಗುರವ್ವ ಆಯಿಯ ತೋಟ ಊರ ಹೊರಗಿತ್ತು, ಅಲ್ಲೇ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್. ಆದರೆ ಆಯಿ ಬೆಳಗಿನ ಹೊತ್ತು ತನ್ನ ಕಟ್ಟೆಯ ಮೇಲೆ ಕೂತು ಹಳೆಯ ಮಣೂಕದ ತೊಟ್ಟು ಬಿಡಿಸುತ್ತ ಓಣಿಯ ಆಡಳಿತ ನಡೆಸುತ್ತಿದ್ದಳು. ಒಂದು ದಿನ ಹವಾಲ್ದಾರರು ನಮ್ಮ ಮನೆಗೆ ಬರುವ ಮೊದಲು ಅವಳ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ದೊಡ್ಡ ಮೀಸೆ, ಸಣ್ಣ ದನಿ.

"ಆಯಿ, ಈ ಬೇಕರಿ ಮನಿ ಹೆಣ್ಮಗಳು ಎಲ್ಲಿಯಾಕಿ?"

"ಯಾಕಪಾ?"

"ಎನ್‌ಕ್ವಾಯರಿ ಬಂದೈತಿ, ಸರಕಾರದಿಂದ."

ಎನ್‌ಕ್ವಾಯರಿ ಎಂಬ ಪದ ಕೇಳಿ ಆಯಿ ಮೊರ ಕೆಳಗಿಟ್ಟಳು. ಹೊರಗಿನವಳು ಎಂದರೆ ಹೊರಗೆ ಹಾಕುತ್ತಾರೆ ಎಂದು ಅವಳ ತಲೆಯಲ್ಲಿ ಆ ಕ್ಷಣಕ್ಕೇ ಕಾನೂನು ತಯಾರಾಯಿತು. ಕಣ್ಣು ಮಿಟುಕಿಸದೆ ಹೇಳಿದಳು:

"ಸತ್ತಿಯಾಕಿ."

"ಸತ್ತಿ ಅಂದ್ರ, ಹೊಳಿ ದಂಡಿ ಸತ್ತಿನ?"

"ಮತ್ತ ಎಷ್ಟ ಸತ್ತಿ ಅದಾವು? ಸಣ್ಣ ಕೂಸು ಇದ್ದಾಗಿಂದ ನೋಡೀನಿ ನಾ. ಇದ ತೊಡಿ ಮ್ಯಾಲ ಆಡ್ಯಾಳ."

ಹವಾಲ್ದಾರರು ಬರೆದುಕೊಂಡು ತುಕಾರಾಮನ ಕಟಿಂಗ್ ಅಂಗಡಿಗೆ ಹೋದರು. ತುಕಾರಾಮ ಗಿರಾಕಿಯ ಅರ್ಧ ಗಲ್ಲ ಬೋಳಿಸಿ ನಿಂತಿದ್ದ. ಅವನಿಗೂ ಅದೇ ಭಯ, ಅದೇ ಪ್ರೀತಿ. ಆದರೆ ಆಯಿ ಏನು ಹೇಳಿದ್ದಾಳೆಂದು ಗೊತ್ತಿಲ್ಲ. "ಕೊಕಟನೂರಚೀ ಸಾಹೇಬ! ಪಕ್ಕೀ ಕೊಕಟನೂರಚೀ. ಎಲ್ಲವ್ವನ ಗುಡಿ ಹಿಂದಿನ ಓಣಿ. ನಮ್ಮ ಹೇಣ್ತಿ ಊರ್‍ರಿ ಅದು, ನನಗ ಗೊತ್ತಿಲ್ಲೇನ್ರಿ?" ಅರ್ಧ ಗಲ್ಲದ ಗಿರಾಕಿ ಹಾಲು ಮಾರುವವನು. ಅವನೂ ಸುಮ್ಮನಿರಲಿಲ್ಲ. ನೊರೆಯ ನಡುವಿನಿಂದ, "ಏ, ರಾಯಬಾಗದಾಕಿ ಅಲ್ಲೇನೋ ಆಕಿ? ನಮ್ಮೂರಾಕಿ!" ಎಂದ.

ಮೂರು ಊರು ಬರೆದುಕೊಂಡು ಹವಾಲ್ದಾರರು ನಮ್ಮ ಮನೆಯ ಬಾಗಿಲಿಗೆ ಬಂದರು. ಚಾಚಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ನಿಂತಳು. ನಾನು ಹಿಂದೆ ನಿಂತಿದ್ದೆ, ಗುರುವಿನ ಹೆಮ್ಮೆಯಿಂದ.

"ತಂಗೀ, ನೀ ಯಾವೂರಾಕಿ ಅವ್ವಾ?"

"ಸಿಲೋನಿನಾಕಿರಿ ಅಣ್ಣಾರ. ಒಳಗ ಬರ್ರಿ, ಹೊರಗ ಯಾಕ ನಿಂತೀರಿ? ಬಿಸಲಾಗ ನಿಂತ್ರ ತಲಿ ಕಾಯತೈತಿ, ಮ್ಯಾಲ ಆ ಟೊಪಗಿ ಬ್ಯಾರೆ. ಮೈಬ್ಯಾ, ಹಾಂಗ ಕಂಬದಂಗ ನಿಂತೀಯಲ್ಲೋ, ನೀರ ತಾ!"

ಅಷ್ಟೂ ಗುರವ್ವ ಆಯಿಯ ದನಿ, ಆಯಿಯ ಕೈ, ಆಯಿಯ ಹುಬ್ಬು. ಹವಾಲ್ದಾರರು ಒಮ್ಮೆ ಎದುರಿನ ಕಟ್ಟೆ ನೋಡಿದರು, ಒಮ್ಮೆ ಚಾಚಿಯನ್ನು ನೋಡಿದರು.

"ಸಿಲೋನಿನಾಕಿ ಹಿಂಗ ಮಾತಾಡ್ತಾಳಾ?"

"ಖಂಕ್... ಅಂದ್ರ," ಎಂದಳು ಚಾಚಿ, "ನನಗ ಇವ ಕಲಿಸ್ಯಾನ್ರಿ."

ಹವಾಲ್ದಾರರು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಮಾಡಿ ತೋರಿಸಿದ್ದೇನೆ. ಅವತ್ತು ಮಾತ್ರ ನಗು ಬರಲಿಲ್ಲ. ಅವರು ಒಳಗೆ ಬಂದು ಕೂತು, ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಬೇಕರಿಯಿಂದ ಬಂದ ಚಾಚಾನಿಗೆ ಹೇಳಿದರು:

"ನೋಡ್ರಿ, ಪಾಸ್‌ಪೋರ್ಟ ಒಂದ ಹೇಳತೈತಿ, ಓಣಿ ಮೂರ ಹೇಳತೈತಿ. ನಾ ಹಿಂಗ ಬರದ್ರ ಮ್ಯಾಲಿನವ್ರು ಏನಂತಾರು? ಈಕಿ ಖರೇನ ಸತ್ತಿಯಾಕಿ ಆದ್ರ ಈ ಪಾಸ್‌ಪೋರ್ಟ ಯಾರ್ದು? ಪಾಸ್‌ಪೋರ್ಟ ಖರೆ ಆದ್ರ ಇಷ್ಟು ಮಂದಿ ಯಾಕ ಸುಳ್ಳ ಹೇಳಾಕತ್ತಾರ? ಎಲ್ಲಾ ಮೊದಲಿಂದ ಶುರು ಆಗತೈತಿ. ಎಷ್ಟು ವರ್ಷ ಹಿಡಿತೈತೋ ನನಗ ಗೊತ್ತಿಲ್ಲ. ನಾ ಮತ್ತ ಬರ್ತೀನಿ. ಆಗಾದ್ರೂ ಓಣ್ಯಾಗಿನವ್ರು ಖರೆ ಹೇಳಲಿ."

ಅವರು ಹೋದ ಮೇಲೆ ಚಾಚಿ ಅಡುಗೆಮನೆಗೆ ಹೋದಳು. ಮಧ್ಯಾಹ್ನದ ಫೋನು ಬಂತು, ಎತ್ತಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ. ಒಳಗಿನವಳಾಗಲು ಮೊದಲು ಹೊರಗಿನವಳೆಂದು ಸಾಬೀತು ಮಾಡಬೇಕು, ಸಾಬೀತು ಮಾಡಲು ಅವಳನ್ನು ಪ್ರೀತಿಸುವವರೇ ಬಿಡುತ್ತಿಲ್ಲ. ನಾನೋ ಕಂಪ್ಯೂಟರ್ ಸೆಂಟರಿನಲ್ಲಿ ಎಲ್ಲ ಅರ್ಜಿಗೂ ಉತ್ತರ ಬಲ್ಲವನೆಂದು ಬೀಗುತ್ತಿದ್ದವನು. ಹಿಂದಿನ ವಾರ ತಾನೇ ಒಬ್ಬ ದ್ರಾಕ್ಷಿ ಬೆಳೆಗಾರ ಬಂದು, "ನಮ್ಮ ತ್ವಾಟದ ವಾಚಮನ್ ನೇಪಾಳದಾವ, ಅವನ್ನ ಇಟಗೊಂಡ್ರ ನನ್ನ ಹಿಡೀತಾರೇನ್ರಿ?" ಎಂದು ಕೇಳಿದಾಗ, ವಕೀಲರ ಕೆಮ್ಮು ಕೆಮ್ಮಿ, "ನೇಪಾಳದವ್ರಿಗೆ ವೀಸಾ ಬ್ಯಾಡ, ಕೆಲಸಾನೂ ಮಾಡಬಹುದು, ಗುರ್ತಿನ ಚೀಟಿ ಇರಲಿ ಸಾಕು" ಎಂದು ಸಲಹೆ ಕೊಟ್ಟು ಚಹಾ ಕುಡಿದಿದ್ದೆ. ಊರಿಗೆಲ್ಲ ಉಪದೇಶ, ಮನೆಗೆ ಮಾತ್ರ ಬಾಯಿ ಕಟ್ಟು.

ತುಕಾರಾಮ ಸುಲಭವಾಗಿ ದಾರಿಗೆ ಬಂದ. "ಚುಕ್ಲಂ, ಚುಕ್ಲಂ" ಎಂದು ಮರಾಠಿಯಲ್ಲಿ ತಪ್ಪೊಪ್ಪಿ ಎರಡೂ ಕಿವಿ ಹಿಡಿದುಕೊಂಡ. ಹಾಲಿನವನೂ ಒಪ್ಪಿದ. ಕಷ್ಟವಾದದ್ದು ಆಯಿ. ಚಾಚಾ ಹೋಗಿ ಹೇಳಿದ, ಬೈಸಿಕೊಂಡು ಬಂದ. ವಕೀಲರು ಸ್ವತಃ ಹೋಗಿ ಕೆಮ್ಮಿದರು. "ಗಂಟಲಿಗೆ ಜೇಷ್ಠಮಧು ಹಾಕ್ಕೋರಿ" ಎಂದು ಕಳಿಸಿದಳು. ನಮ್ಮ ಎದುರು ಮನೆ ಅವಳದು, ಅವಳ ಹೇಳಿಕೆಯನ್ನೇ ಮೊದಲು ಬರೆದುಕೊಂಡದ್ದು, ಅದನ್ನು ಅವಳೇ ತಿದ್ದಬೇಕು.

ಆ ವಾರ ದ್ರಾಕ್ಷಿ ಕೊಯ್ಲು ಶುರುವಾಗಿತ್ತು. ಆಯಿ ಹಗಲೆಲ್ಲ ಶೆಡ್ಡಿನಲ್ಲೇ. ಶುಕ್ರವಾರ ಚಾಚಿ ಬಿಸಿ ಬನ್ನು ಕಟ್ಟಿಕೊಂಡು, "ನಡಿಯೋ ಮೈಬ್ಯಾ, ಗಾಡಿ ತೆಗಿ" ಎಂದಳು. ಶೆಡ್ಡಿನ ಸುತ್ತ ಹಸಿರು ಬಲೆ, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹಸಿ ದ್ರಾಕ್ಷಿ ಹರಡಿತ್ತು. ಗಾಳಿಯಲ್ಲಿ ಹುಳಿಯೂ ಸಿಹಿಯೂ ಬೆರೆತ ವಾಸನೆ. ಆಯಿ ಹರಡಿದ ದ್ರಾಕ್ಷಿಯ ಮೇಲೆ ಕೈಯಾಡಿಸುತ್ತಿದ್ದಳು. ನಮ್ಮನ್ನು ನೋಡಿದ್ದೇ ತಡ ಶುರು ಮಾಡಿದಳು.

"ಕಲಿತ ಮಂದಿ ಎಲ್ಲಾರೂ ಕೂಡಿ ನನ್ನ ಕಡಿಂದ ಸುಳ್ಳ ಹೇಳಸಾಕ ಬಂದೀರಿ."

"ಸುಳ್ಳ ಅಲ್ಲ ಆಯಿ, ಖರೇ ಹೇಳು ಅನ್ನಾಕತ್ತೀವಿ" ಎಂದೆ ನಾನು.

"ನೀ ಸುಮ್ನಿರಲೇ ಗಿಳಿ. ನಿನಗ ಖರೇ ಯಾವುದು, ನಕಲಿ ಯಾವುದು ಯಾವತ್ತ ಗೊತ್ತೈತಿ?" ಎಂದು ನನ್ನನ್ನು ಮುಗಿಸಿ ಚಾಚಿಯ ಕಡೆ ತಿರುಗಿದಳು. "ನನ್ನ ಮೊಣಕಾಲ ಆಪರೇಷನ್ ಆದಾಗ ಮಗ್ಗಲ ಬದಲಿಸಿದಾಕಿ ಯಾರ? ನನ್ನ ತಲಿ ಬಾಚಿ ಹೆಳಲ ಹಾಕಿದಾಕಿ ಯಾರ? ನನ್ನ ಸೊಸ್ತ್ಯಾರು ಬಂದು ನೋಡಿ ಹ್ವಾದ್ರು. ಹೆಳಲ ಹಾಕಿದಾಕಿನ್ನ ಹೊರಗಿನಾಕಿ ಅಂದ್ರ ನನ್ನ ತಲಿಗೆ ಏನ ಮರ್ಯಾದಿ ಉಳೀತು? ನಾ ಅನ್ನಂಗಿಲ್ಲ ಬೇ. ಸತ್ತಿಯಾಕಿ ಅಂದೀನಿ, ಸತ್ತಿಯಾಕಿನ."

"ಸತ್ತಿನ ಯಾಕ ಅಂದ್ರಿ ಆಯಿ?" ಎಂದು ಚಾಚಿ ಮೆಲ್ಲಗೆ ಕೇಳಿದಳು.

"ಮತ್ತ್ಯಾವೂರ ಅನ್ನಲಿ? ನನ್ನ ತವರೂರ ಅದು."

ನನಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಆಯಿ ಗಡಿಬಿಡಿಯಲ್ಲಿ ಬಾಯಿಗೆ ಬಂದ ಊರು ಹೇಳಿರಲಿಲ್ಲ, ತನ್ನ ಹತ್ತಿರ ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ತೆಗೆದು ಕೊಟ್ಟಿದ್ದಳು. ತುಕಾರಾಮ ಹೆಂಡತಿಯ ಊರು ಕೊಟ್ಟಿದ್ದ. ಹಾಲಿನವನು ತನ್ನದೇ ಊರು ಕೊಟ್ಟಿದ್ದ.

ಚಾಚಿ ದ್ರಾಕ್ಷಿಯ ಜಾಳಿಗೆಯ ಅಂಚನ್ನು ಹಿಡಿದುಕೊಂಡಳು. ಆಮೇಲೆ ಮಾತಾಡಿದಳು. ಕೆಮ್ಮಲಿಲ್ಲ. ಯಾರ ದನಿಯೂ ಅಲ್ಲ, ಅವಳದೇ ಇರಬೇಕು. ನಾನು ಕಲಿಸಿದ್ದಂತೂ ಅಲ್ಲ.

"ಆಯಿ, ನೀವು ಮದಿವಿ ಆಗಿ ಅಥಣಿಗಿ ಬಂದಾಗ ಮಂದಿ ನಿಮಗ ಏನಂತಿದ್ರು?"

"ಸತ್ತಿ ಹುಡುಗಿ ಅಂತಿದ್ರು. ಇನ್ನೂ ಒಬ್ಬಿಬ್ರು ಮುದುಕ್ರು ಅಂತಾರ."

"ಹಂಗಂದ್ರ ನೀವು ಅಥಣಿಯಾಕಿ ಅಲ್ಲೇನ್ರಿ?"

"ಯಾಕಲ್ಲ? ಈ ತ್ವಾಟ ಯಾರ್ದು?"

"ನನಗೂ ಹಂಗ ಇರಲಿ ಆಯಿ. ನನಗೂ ನನ್ನ ಊರ ಇರಲಿ. ನೀವು ಸತ್ತಿ ಕೊಟ್ರ ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಸತ್ತಿಯಾಕಿ ಆದ್ರ, ಅಲ್ಲಿ ನನ್ನ ಉಮ್ಮಾ ಯಾರಿಗೆ ತಾಯಿ ಆಗಬೇಕ್ರಿ?"

ಆಯಿ ಜಾಳಿಗೆಯಿಂದ ಒಂದು ಕೊಳೆತ ಹಣ್ಣು ಆರಿಸಿ ತೆಗೆದಳು, ಮತ್ತೊಂದು ತೆಗೆದಳು, ಆಮೇಲೆ ಒಳ್ಳೆಯದನ್ನೂ ಒಂದು ತೆಗೆದು ಎಸೆದಳು. "ಆ ಬನ್ನ ತಾ ಇಲ್ಲಿ, ಆರತೈತಿ" ಎಂದಳು. ಮೊಸಳೆಯ ಬಾಲ ಮುರಿದು ಬಾಯಿಗಿಟ್ಟುಕೊಂಡು ಅಗಿಯುತ್ತ ಅಗಿಯುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದ್ರಾಕ್ಷಿಗೆ ಹಚ್ಚಿದ ಎಣ್ಣಿ, ಕಣ್ಣ ಉರೀತೈತಿ" ಎಂದು ನನಗೆ ಹೇಳಿದಳು. ನಾನು ಹೌದು ಎಂದೆ.

ಹವಾಲ್ದಾರರು ಮತ್ತೆ ಬಂದ ದಿನ ಓಣಿಯೆಲ್ಲ ಬಾಗಿಲಲ್ಲಿತ್ತು. ಆಯಿ ಇಳಕಲ್ ಸೀರೆ ಉಟ್ಟು, ಮೂಗುತಿ ಇಟ್ಟು, ಕಟ್ಟೆಯ ಮೇಲೆ ಕೂತಿದ್ದಳು, ಬೀಗರ ಮುಂದೆ ಮದುವೆಯ ಮಾತಿಗೆ ಕೂತ ಹಾಗೆ.

"ಬರಕೋರಿ. ಈಕಿ ಸತ್ತಿಯಾಕಿ ಅಲ್ಲ. ನಾ ಸತ್ತಿಯಾಕಿ. ಈಕಿ ಸಮುದ್ರದ ಆಚೆಕ ಹುಟ್ಯಾಳ, ತಾಯಿ ಅಲ್ಲೇ ಅದಾಳ, ಕಣ್ಣ ಮಬ್ಬಾಗ್ಯಾವು. ಏಳು ವರ್ಷದಿಂದ ನನ್ನ ಎದುರ ಮನ್ಯಾಗ ಅದಾಳ, ಒಂದ ದಿನಾ ಬಿಟ್ಟ ಹೋಗಿಲ್ಲ. ಹೊರಗಿನಾಕಿ." ಕೊನೆಯ ಪದ ಹೇಳುವಾಗ ಅವಳ ಮುಖ ಕಹಿ ಗುಳಿಗೆ ನುಂಗಿದ ಹಾಗಾಯಿತು. "ಬರಕೊಂಡ್ರಿ? ಈಗ 'ಆದ್ರ' ಅಂತ ಬರೀರಿ."

"ಆದ್ರ ಬ್ಯಾಡ ಆಯಿ, ಇಷ್ಟ ಸಾಕು."

"ಬರೀರಿ ಅಂದೆ. ಆದ್ರ, ಈಕಿ ಇರದಿದ್ರ ನಮ್ಮ ಓಣಿ ಹುಡುಗೂರಿಗೆ ಶುಕ್ರವಾರ ಯಾವತ್ತ ಅಂತ ಗೊತ್ತ ಆಗಂಗಿಲ್ಲ."

"ಅದಕ್ಕ ಇದರಾಗ ಜಾಗಾ ಇಲ್ಲ ಆಯಿ."

"ಜಾಗಾ ಇಲ್ಲದಿದ್ರ ಅಂಚಿಗಿ ಬರೀರಿ. ನಮ್ಮ ಹೊಲದಾಗ ಬದುವಿನ ಮ್ಯಾಲೂ ತೊಗರಿ ಹಾಕ್ತೀವಿ."

ಅವರು ಅಂಚಿನಲ್ಲಿ ಏನು ಬರೆದರೋ ನಾನು ನೋಡಲಿಲ್ಲ. ಪೆನ್ನು ಆಡಿದ್ದಂತೂ ನಿಜ.

ಆಮೇಲೆ ಸುಗ್ಗಿ ಮುಗಿಯಿತು, ಮಣೂಕ ಗೋದಾಮು ಸೇರಿತು, ಬಿಸಿಲು ಬಂತು, ಮಳೆ ಬಂತು. ಕಾಗದ ಊರಿಂದ ಊರಿಗೆ, ಮೇಜಿಂದ ಮೇಜಿಗೆ ಹೋಗುತ್ತಿತ್ತು. ಒಪ್ಪಿಗೆ ಬಂದಾಗ ಅದರ ಬೆನ್ನಿಗೆ ಇನ್ನೊಂದು ಮಾತೂ ಬಂತು: ಹಳೆಯ ದೇಶವನ್ನು ಬಿಟ್ಟುಕೊಡಬೇಕು. ನಮ್ಮ ಕಾನೂನಿನಲ್ಲಿ ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ. ಚಾಚಿಗೆ ಇದು ಮೊದಲಿನಿಂದ ಗೊತ್ತಿತ್ತು. ಗೊತ್ತಿರುವುದು ಬೇರೆ, ಪಾಸ್‌ಪೋರ್ಟನ್ನು ಲಕೋಟೆಗೆ ಹಾಕುವುದು ಬೇರೆ. ಅದರಲ್ಲಿ ಎರಡು ಜಡೆ ಹಾಕಿದ ಒಬ್ಬ ಹುಡುಗಿಯ ಫೋಟೋ ಇತ್ತು. ಚಾಚಿ ಅದನ್ನು ತುಂಬಾ ಹೊತ್ತು ನೋಡಿ, "ಎಷ್ಟ ಸಣ್ಣಾಕಿ ಇದ್ನ್ಯೋ" ಎಂದಳು. ಮನೆಯಲ್ಲಿ ಅವತ್ತು ಯಾರೂ ನನ್ನನ್ನು ಯಾರ ದನಿಯನ್ನೂ ತೆಗೆ ಎಂದು ಕೇಳಲಿಲ್ಲ.

ಪ್ರತಿಜ್ಞೆಯ ದಿನ ಮಾತ್ರ ನಕ್ಕೆವು. ಸಂವಿಧಾನಕ್ಕೆ ನಿಷ್ಠೆ, ಕಾನೂನಿಗೆ ವಿಧೇಯತೆ ಎಂದು ಹೇಳುವ ನಾಲ್ಕು ಸಾಲು. ಒಂದು ತಿಂಗಳು ಬಾಯಿಪಾಠ ಮಾಡಿಸಿದ್ದೆ, ಯಾರ ದನಿಯನ್ನೂ ಬೆರೆಸದೆ, ಅದೇ ನನಗೆ ದೊಡ್ಡ ಶಿಕ್ಷೆ. ಅಧಿಕಾರಿಗಳ ಮುಂದೆ ಚಾಚಿ ನೆಟ್ಟಗೆ ನಿಂತು, ಕಾಗದ ಹಿಡಿದು, ಮೊದಲು ಮಾಡಿದ್ದು: "ಖಂಕ್." ಹಿಂದೆ ಕೂತಿದ್ದ ವಕೀಲ ಸಾಹೇಬರು ತಮ್ಮನ್ನೇ ಯಾರೋ ಕರೆದರೆಂದು ಎದ್ದು ನಿಂತರು.

ಮನೆಗೆ ಬಂದು ಚಾಚಿ ಮೊದಲು ಮಾಡಿದ ಕೆಲಸವೆಂದರೆ ಆ ಹೊಸ್ತಿಲು ದಾಟಿದ್ದು. ಬೇಕರಿಯೊಳಗೆ ಹೋಗಿ ಚಾಚಾನನ್ನು ಭಟ್ಟಿಯ ಮುಂದಿನಿಂದ ಪಕ್ಕಕ್ಕೆ ಸರಿಸಿ, "ಎಡಗಡೆ ಟ್ರೇ ಏಳು ವರ್ಷದಿಂದ ಸೀಯಾಕತ್ತೇತಿ" ಎಂದು ತಾನೇ ಎಳೆದಳು. ಅವತ್ತಿನಿಂದ ಮೊಸಳೆ ಬನ್ನು ಅಂಗಡಿಯಲ್ಲಿ ಮಾರಾಟಕ್ಕಿದೆ. ಶುಕ್ರವಾರ ಸಂಜೆ ಮಾತ್ರ ಮಾರುವುದಿಲ್ಲ.

ಅವಳು ಉಮ್ಮಾನ ಹತ್ತಿರ ಹೊರಟದ್ದು ಮತ್ತೊಂದು ದ್ರಾಕ್ಷಿ ಸುಗ್ಗಿಯಲ್ಲಿ. ಹುಟ್ಟಿದ ಊರಿಗೆ ಹೋಗಲು ಈಗ ಅವಳಿಗೆ ಪರವಾನಗಿ ಬೇಕು. ಅರ್ಜಿ ತುಂಬಿದವನು ನಾನೇ. ಬಂದ ಕಾರಣ ಎಂಬಲ್ಲಿ 'ಪ್ರವಾಸ' ಎಂದು ಒತ್ತಿದೆ. ಅವರು ಕೊಟ್ಟ ಆಯ್ಕೆಗಳಲ್ಲಿ ಹತ್ತಿರದ್ದು ಅದೇ ಇತ್ತು. ಹೊರಡುವ ಬೆಳಗ್ಗೆ ಆಯಿ ಚಾಚಿಯನ್ನು ತನ್ನ ಮನೆಯೊಳಗೆ ಕರೆದು, ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಮೇಲೆ ಒಂದು ಚೀಲ ಮಣೂಕ. "ತವರಿಂದ ಹೊಂಟಾಕಿಗೆ ಖಾಲಿ ಉಡೀಲೆ ಕಳಸಬಾರದು. ಈ ಚೀಲ ನಿಮ್ಮ ತಾಯಿಗೆ. ಹಲ್ಲ ಇಲ್ಲದಿದ್ರ ನೆನಸಿ ಕೊಡು."

ಎರಡು ದಿನದ ಮೇಲೆ ವಿಡಿಯೋ ಕಾಲ್ ಬಂತು. ಆಯಿಯ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತೆವು. ಚಾಚಿ ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡನ್ನೂ ಒಟ್ಟಿಗೆ ಮಾಡುತ್ತ ಹೇಳಿದಳು. ಅಲ್ಲಿ ವಿಮಾನ ಇಳಿದಾಗ ಕೌಂಟರಿನ ಅಧಿಕಾರಿ ಅವಳ ಭಾರತದ ಪಾಸ್‌ಪೋರ್ಟ್ ನೋಡಿ, ಇಂಗ್ಲಿಷಿನಲ್ಲಿ, ಯಾಕೆ ಬಂದಿರಿ ಎಂದು ಕೇಳಿದನಂತೆ. ನಾನು ಕಲಿಸಿದ್ದ ಉತ್ತರ ಮರೆತುಹೋಯಿತು. ಅವಳ ಎರಡು ಹಳೆಯ ಭಾಷೆಗಳೂ ಆ ಕ್ಷಣಕ್ಕೆ ಒದಗಲಿಲ್ಲ. ಗಂಟಲು ಕೆರೆದು, "ಖಂಕ್... ತವರಿಗೆ ಬಂದೀನ್ರಿ" ಎಂದುಬಿಟ್ಟಳಂತೆ. ಅವನು ತಿಳಿಯದೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ನೋಡಿದ, ಅವಳ ಮುಖ ನೋಡಿದ, ಏನೂ ಕೇಳದೆ ಮುದ್ರೆ ಒತ್ತಿ, ಅವಳ ಊರಿನ ಭಾಷೆಯಲ್ಲೇ ಹೋಗಿ ಬನ್ನಿ ಅಕ್ಕಾ ಎಂದ.

"ತವರಂತ ತವರು! ಹಂಗಾದ್ರ ನಂದೇನ ಬೇ?" ಎಂದು ಆಯಿ ಫೋನಿಗೆ ಗದರಿದಳು.

ಅಷ್ಟರಲ್ಲಿ ಆ ಕಡೆ ಫೋನು ಕೈ ಬದಲಿಸಿತು. ತೆರೆಯ ತುಂಬ ಒಂದೇ ಕಣ್ಣು. ಉಮ್ಮಾ ಒಂದು ಮಣೂಕವನ್ನು ಫೋನಿನ ಹತ್ತಿರ ಹಿಡಿದು ತೋರಿಸಿ, ಬಾಯಿಗೆ ಹಾಕಿಕೊಂಡು, ಏನೋ ಉದ್ದವಾಗಿ ಹೇಳಿದಳು. ಗದ್ದಲದಲ್ಲಿ ಆಯಿಗೆ ಕೇಳಲಿಲ್ಲ. "ಏನಂದಳೋ ಮೈಬ್ಯಾ?" ಎಂದಳು. ನನಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೆ ದನಿ ನನ್ನ ಕಿವಿಯಲ್ಲಿತ್ತು. ಅದನ್ನೇ, ಏರಿದಲ್ಲಿ ಏರಿ, ಕೊನೆಗೆ ನಡುಗಿದಲ್ಲಿ ನಡುಗಿ, ಹಾಗೇ ಹೇಳಿದೆ. ಜೀವನದಲ್ಲಿ ನಗಿಸದೆ ತೆಗೆದ ದನಿ ಅದೊಂದೇ ಇರಬೇಕು.

ಆಯಿ ತಲೆ ತಗ್ಗಿಸಿ ಕೇಳಿದಳು. "ಹೌದವ್ವಾ," ಎಂದಳು ಆ ಕಣ್ಣಿಗೆ, "ಹೌದು. ನೀ ಚಿಂತಿ ಮಾಡಬ್ಯಾಡ. ಇಲ್ಲಿ ನಾ ಅದೀನಿ."

ಫೋನ್ ಇಟ್ಟ ಮೇಲೆ ನಾನು ಕಾಲೆಳೆಯದೆ ಇರುತ್ತೇನೆಯೆ? "ಆಯಿ, ಸೋತಿ ನೀನು. ಆಕಿ ತವರು ಸಿಲೋನ ಅಂತ ಪಕ್ಕಾ ಆತು" ಎಂದೆ.

ಆಯಿ ಮೊರ ಎತ್ತಿಕೊಂಡು, ಮಣೂಕದ ತೊಟ್ಟು ಬಿಡಿಸುತ್ತ, ನನ್ನ ಕಡೆ ನೋಡದೆ ಹೇಳಿದಳು:

"ದೇಶಾ ಒಂದ ಇರಬೇಕಂತ ಸರಕಾರ ಹೇಳೈತಿ, ಕೇಳ್ಯಾಳ. ತವರಾ ಒಂದ ಇರಬೇಕಂತ ಯಾವ ವಕೀಲ ಹೇಳ್ಯಾನೋ?"